‘ಬೋರ್ಡ್ ಹೋಗಿದೆ’ ಅಂದರೆ ಏನು ಹೋಗಿದೆ ಸ್ವಾಮಿ?

ನಮಸ್ಕಾರ. ಇವತ್ತು ಹೆಡ್‌ಫೋನ್ ಬಗ್ಗೆ ಮಾತಾಡಬೇಕಿತ್ತು. ಎಲ್ಲ ರೆಡಿ ಇತ್ತು, ಶರ್ಟ್‌ಗೆ ಇಸ್ತ್ರಿ ಕೂಡ ಹಾಕಿದ್ದೆ. ಅಷ್ಟರಲ್ಲಿ ಹಳೇ ವಿಡಿಯೋ ಕೆಳಗೆ ಒಂದು ಕಾಮೆಂಟ್ ಓದಿದೆ. "ಗುರು, ಸ್ಲಿಮ್ ಲ್ಯಾಪ್‌ಟಾಪ್‌ಗೆ ರಿಪೇರಿ ಅನ್ನೋದೇ ಇಲ್ಲ. ಬೋರ್ಡ್ ಹೋದರೆ ಬೋರ್ಡ್ ಚೇಂಜ್. ಇಲ್ಲಾಂದ್ರೆ ಹೊಸದು ತಗೋ. ಎಸ್‌ಪಿ ರೋಡ್ ಸುತ್ತೋದು ಟೈಮ್ ವೇಸ್ಟ್." ಅದಕ್ಕೆ 64 ಲೈಕ್! ಆ ವಿಡಿಯೋಗೇ ಅಷ್ಟು ಬಂದಿರಲಿಲ್ಲ. ಹಾಗಾಗಿ ಹೆಡ್‌ಫೋನ್ ಮುಂದಿನ ವಾರ.

ನನ್ನದು ಒಂದೇ ಮಾತು. ಬೋರ್ಡ್ (ಅದೇ ಮದರ್‌ಬೋರ್ಡ್, ಲ್ಯಾಪ್‌ಟಾಪ್‌ನ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಬದಲಿಸುವ ಮೊದಲು ಬೋರ್ಡ್ ನೋಡಿಸಿ. "ಬೋರ್ಡ್ ಹೋಗಿದೆ" ಅನ್ನುವುದು ಕಾಯಿಲೆಯ ಹೆಸರಲ್ಲ. ಹೊಟ್ಟೆನೋವು ಅಂತ ಡಾಕ್ಟರ್ ಹತ್ತಿರ ಹೋದಿರಿ. ಅವರು ದೂರದಿಂದಲೇ ನೋಡಿ "ದೇಹ ಹೋಗಿದೆ, ಬೇರೆ ದೇಹ ಹಾಕಬೇಕು" ಅಂದರೆ ಸುಮ್ಮನೆ ಎದ್ದು ಬರುತ್ತೀರಾ, ಬೈದು ಬರುತ್ತೀರಾ?

ನನ್ನದೇ ಕಥೆ ಕೇಳಿ. 62,000 ಕೊಟ್ಟು ತಂದ ಲ್ಯಾಪ್‌ಟಾಪ್. ಮೂರು ವರ್ಷ ಆಗಿತ್ತು, ವಾರಂಟಿ ಮುಗಿದಿತ್ತು. ವಾರಂಟಿ ಮುಗಿಯುವವರೆಗೆ ಇವು ಕೆಡುವುದಿಲ್ಲ, ಅದೊಂದು ಶಿಸ್ತು ಇದೆ. ಒಂದು ಬೆಳಗ್ಗೆ ಬಟನ್ ಒತ್ತಿದೆ, ಲೈಟೇ ಇಲ್ಲ. ಚಾರ್ಜರ್ ಹಾಕಿದರೂ ಲೈಟ್ ಇಲ್ಲ. ಸರ್ವಿಸ್ ಸೆಂಟರ್‌ಗೆ ಒಯ್ದೆ. ಯಾವುದು ಅಂತ ಹೇಳುವುದಿಲ್ಲ, ನನಗೆ ವಕೀಲರ ಫೀಸ್ ಕಟ್ಟುವಷ್ಟು ಸಬ್‌ಸ್ಕ್ರೈಬರ್‌ಗಳಿಲ್ಲ. (ಆಗಬಹುದು. ಕೆಳಗೆ ಬಟನ್ ಇದೆ.) ಇಪ್ಪತ್ತು ನಿಮಿಷಕ್ಕೆ ತೀರ್ಪು ಬಂತು. "ಮದರ್‌ಬೋರ್ಡ್ ಡೆಡ್ ಸರ್. 43,000. ಜಿಎಸ್‌ಟಿ ಬೇರೆ."

"ಬೋರ್ಡಿನಲ್ಲಿ ಏನು ಹೋಗಿದೆ?"

"ಬೋರ್ಡ್ ಸರ್."

"ಅದರಲ್ಲಿ ಏನು?"

"ಬೋರ್ಡೇ ಸರ್."

ಮೂಗಿಗಿಂತ ಮೂಗುತಿ ಭಾರ ಅಂದುಕೊಂಡು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ.

ಹೋದದ್ದು ಎಸ್‌ಪಿ ರೋಡಿಗೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಗೆ. ಸಾದರ ಪತ್ರಪ್ಪ ರಸ್ತೆ ಅಂದರೆ ಬೆಂಗಳೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ, ಎಸ್‌ಪಿ ರೋಡ್ ಅಂದರೆ ಆಟೋದವರು ಮೀಟರ್ ಹಾಕದೆ ಹೊರಡುತ್ತಾರೆ. ಮೆಟ್ಟಿಲು ಹತ್ತಿದರೆ ಒಂದು ಪುಟ್ಟ ಅಂಗಡಿ. ಒಬ್ಬರು ಮೈಕ್ರೋಸ್ಕೋಪ್‌ಗೆ ಕಣ್ಣಿಟ್ಟು ಕೂತಿದ್ದರು. ನಾನು "ಬೋರ್ಡ್ ಹೋಗಿದೆಯಂತೆ" ಅಂದೆ. ಅವರು ತಲೆ ಎತ್ತದೆ "ಯಾರು ಹೇಳಿದ್ದು?" ಅಂದರು.

ಮುಂದೆ ನಡೆದದ್ದು ನೋಡಬೇಕಿತ್ತು. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಬೋರ್ಡಿಗೆ ಕರೆಂಟ್ ಒಳಗೆ ಬರುವ ಜಾಗಕ್ಕೆ ಮಲ್ಟಿಮೀಟರ್ ಇಟ್ಟರು. ಕುಂಯ್ ಅಂತು. "ಶಾರ್ಟ್ ಇದೆ." ಅಂದರೆ ಕರೆಂಟ್ ಹೋಗಬೇಕಾದ ದಾರಿ ಬಿಟ್ಟು ಅಡ್ಡದಾರಿ ಹಿಡಿದಿದೆ. ಈ ಚಾರ್ಜರ್‌ನಿಂದ ಬರುವುದು 19–20 ವೋಲ್ಟ್. ಆ ಮುಖ್ಯ ಲೈನಿನ ಮೇಲೆ ಕಂದು ಬಣ್ಣದ ಪುಟ್ಟ ಪುಟ್ಟ ಸೆರಾಮಿಕ್ ಕೆಪಾಸಿಟರ್‌ಗಳು (ಕರೆಂಟನ್ನು ಚೂರು ಹಿಡಿದಿಟ್ಟು ಬಿಡುವ ಬಿಡಿಭಾಗಗಳು) ಸಾಲಾಗಿ ಕೂತಿರುತ್ತವೆ. ಎಳ್ಳಿನ ಕಾಳಿನಷ್ಟು ಇರುತ್ತವೆ. ಅದರಲ್ಲಿ ಒಂದು ಒಳಗೇ ಬಿರುಕು ಬಿಟ್ಟು ಶಾರ್ಟ್ ಆದರೆ ಇಡೀ ಲೈನ್ ನೆಲ ಕಚ್ಚುತ್ತದೆ. ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಏಳುವುದೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಡೆಡ್.

ಸಾಲಿನಲ್ಲಿ ಕಳ್ಳ ಯಾವುದು ಅಂತ ಹಿಡಿಯುವುದು ಹೇಗೆ? ಅವರು ಆ ಲೈನಿಗೆ ಬೇರೆ ಪವರ್ ಸಪ್ಲೈನಿಂದ ಒಂದು ವೋಲ್ಟಿನಷ್ಟು ಮೆತ್ತಗೆ ಬಿಟ್ಟರು. ಮೇಲೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರು. ಶಾರ್ಟ್ ಆದದ್ದು ಬಿಸಿಯಾಗುತ್ತದೆ, ಅದರ ಮೇಲಿನ ಆಲ್ಕೋಹಾಲ್ ಮೊದಲು ಆರುತ್ತದೆ. ನನ್ನ ಕಣ್ಣೆದುರೇ ಎಲ್ಲ ಒದ್ದೆ, ಒಂದೇ ಒಂದು ಒಣ. ಹಾಟ್ ಏರ್ ಹಿಡಿದು ಅದನ್ನು ಎತ್ತಿದರು, ಹಳೇ ಬೋರ್ಡಿನಿಂದ ಅಂಥದ್ದೇ ಒಂದನ್ನು ತೆಗೆದು ಕೂರಿಸಿದರು. ಬಟನ್ ಒತ್ತಿದರು, ಲೈಟ್ ಬಂತು. 2,800 ರೂಪಾಯಿ. ನಾನು ಕಾಫಿ ಕೊಡಿಸಲು ಹೋದೆ, ಅವರು ಟೀ ಅಂದರು.

43,000 ಒಂದು ಕಡೆ. ಎಳ್ಳಿನ ಕಾಳು ಒಂದು ಕಡೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ ಅಲ್ವಾ?

ನಮ್ಮಪ್ಪನಿಗೆ ಈ ಕಥೆ ಹೇಳಿದೆ. ತಿಪಟೂರು ಕಡೆ ತೆಂಗಿನ ತೋಟ ನಮ್ಮದು. ಅವರಿಗೆ ಒಂದು ಚೂರೂ ಆಶ್ಚರ್ಯ ಆಗಲಿಲ್ಲ. "ಮೋಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಸ್ಟಾರ್ಟರ್ ಪೆಟ್ಟಿಗೆಯ ಕೆಪಾಸಿಟರ್ ನೋಡಬೇಕು, ಅದರಲ್ಲಿ ಏನಿದೆ?" ಅಂದರು. ಮೋಟರ್ ಸುಟ್ಟರೂ ರಿವೈಂಡಿಂಗ್‌ಗೆ ಒಯ್ಯುತ್ತಾರೆ. ಬೋರ್‌ವೆಲ್ ಮೋಟರ್ ನಿಂತಿತು ಅಂತ ತೋಟ ಮಾರಿದ ಒಬ್ಬ ರೈತನನ್ನು ತೋರಿಸಿ. ಎಂಜಿನಿಯರಿಂಗ್ ಓದಿದ ನಾವು ಮಾತ್ರ "ಬೋರ್ಡ್ ಹೋಗಿದೆ" ಅಂದ ಕೂಡಲೇ ಇಎಂಐ ಲೆಕ್ಕ ಹಾಕುತ್ತೇವೆ.

ಈಗ ತೆಳು ಲ್ಯಾಪ್‌ಟಾಪ್ ವಿಷಯ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. ಜನ ಚಪ್ಪಾಳೆ ಹೊಡೆದರು. ಅದರಲ್ಲಿ 2 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸುಗೆ, ಬಿಚ್ಚಿ ಬೇರೆ ಹಾಕುವ ಹಾಗಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಈಗ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೆಸುಗೆ, ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೆಸುಗೆ, ಇವತ್ತಿನ ಮ್ಯಾಕ್‌ಬುಕ್‌ಗಳಲ್ಲಿ ಸ್ಟೋರೇಜ್ ಕೂಡ ಬೆಸುಗೆ. ಅಂದರೆ ಬೋರ್ಡ್ ಬದಲಿಸುವುದು ಒಂದು ಪಾರ್ಟ್ ಬದಲಿಸಿದ ಹಾಗಲ್ಲ. ಲ್ಯಾಪ್‌ಟಾಪ್ ಬಿಸಾಕಿ, ಸ್ಕ್ರೀನು ಕೀಬೋರ್ಡು ಮಾತ್ರ ಇಟ್ಟುಕೊಂಡ ಹಾಗೆ. ಅದಕ್ಕೇ ಆ ರೇಟು. ಅದಕ್ಕೇ ನೋಡಿಸಿ ಅನ್ನುವುದು.

ನಿಮ್ಮ ಫೋಟೋಗಳ ಕಥೆ? ಸ್ಟೋರೇಜ್ ಬೋರ್ಡ್ ಮೇಲೇ ಇದ್ದರೆ ಬೋರ್ಡಿನ ಜೊತೆಗೇ ಹೋಯಿತು. ನನ್ನದರಲ್ಲಿ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳಿರುವ ಸ್ಟೋರೇಜ್, ಬೋರ್ಡಿನಿಂದ ಬೇರೆ ಇತ್ತು, ನಾನೂ ಖುಷಿಪಟ್ಟಿದ್ದೆ. ಆಮೇಲೆ ಗೊತ್ತಾಯಿತು, ಬೀಗ ಎಸ್‌ಎಸ್‌ಡಿಗೆ, ಬೀಗದ ಕೈ ಬೋರ್ಡಿನ ಟಿಪಿಎಂ ಅನ್ನುವ ಚಿಪ್‌ನಲ್ಲಿ. ಹೊಸ ಬೋರ್ಡ್ ಹಾಕಿದರೆ ಬಿಟ್‌ಲಾಕರ್, ಅಂದರೆ ವಿಂಡೋಸ್ ಹಾಕಿದ ಆ ಬೀಗ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಿಮ್ಮದು ಗೊತ್ತಾ? ನನಗೆ ನನ್ನ ಗ್ಯಾಸ್ ಬುಕಿಂಗ್ ನಂಬರೇ ಗೊತ್ತಿಲ್ಲ.

ಇನ್ನು ಎದುರು ಮಾತುಗಳು. ಒಬ್ಬರು ಬರೆದಿದ್ದಾರೆ, "ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ನೋಡಿ, ಅದರಲ್ಲಿ ಬೋರ್ಡ್ ಬದಲಿಸುವುದು ಸುಲಭ." ಹೌದು ಸ್ವಾಮಿ. 2021ರಲ್ಲಿ ಬಂತು, ಬೋರ್ಡನ್ನು ಬಿಡಿಯಾಗಿ ಮಾರುತ್ತಾರೆ, ತೆಗೆದ ಹಳೇ ಬೋರ್ಡನ್ನು ಡಬ್ಬಿಯಲ್ಲಿಟ್ಟು ಪುಟ್ಟ ಕಂಪ್ಯೂಟರ್ ಮಾಡಿಕೊಳ್ಳಬಹುದು. ಅಲ್ಲಿ ಬೋರ್ಡ್ ಬದಲಿಸುವುದು ಅಪ್‌ಗ್ರೇಡ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ತಿಥಿ. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಡಿ.

"ಹೊಸ ಬೋರ್ಡಿಗೆ ಗ್ಯಾರಂಟಿ ಇರುತ್ತದೆ." ನನಗೆ ಹೇಳಿದ್ದು ಮೂರು ತಿಂಗಳು. ಉಪ್ಪಿನಕಾಯಿ ಅದಕ್ಕಿಂತ ಜಾಸ್ತಿ ಬಾಳುತ್ತದೆ.

"ಕಂಪನಿಯವರಿಗೆ ಗೊತ್ತಿಲ್ಲದ್ದು ಅಂಗಡಿಯವನಿಗೆ ಗೊತ್ತಾ?" ಇದು ನನಗೆ ಸಿಟ್ಟು ಬರಿಸುವ ಮಾತು. ಕಂಪನಿಗೆ ಎಲ್ಲ ಗೊತ್ತು, ಬೋರ್ಡಿನ ನಕ್ಷೆ ಅವರ ಹತ್ತಿರವೇ ಇದೆ. ನಮಗೆ ಕೊಡುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ರೈತರ ಯಂತ್ರ, ಮೊಬೈಲು, ಫ್ರಿಜ್ಜು, ಗಾಡಿ ಎಲ್ಲ ಅದರಲ್ಲಿ ಸೇರಿದೆ. ಒಳ್ಳೇದೇ. ನನಗೆ ಬೇಕಾದದ್ದು ನಕ್ಷೆ. ನಕ್ಷೆ ಕೊಡಿ, ಆಮೇಲೆ ಹಕ್ಕಿನ ಮಾತು.

ಹಾಂ, ಒಂದು ಒಪ್ಪುತ್ತೇನೆ. ವಾರಂಟಿ ಇದ್ದರೆ ಬಿಟ್ಟಿ ಬೋರ್ಡ್ ಹಾಕಿಸಿಕೊಳ್ಳಿ, ಪುಣ್ಯ. ನೀರು ಬಿದ್ದು ವಾರಗಟ್ಟಲೆ ಒಳಗೇ ಹಸಿರು ಪಾಚಿ ಕಟ್ಟಿದ್ದರೆ ದೇವರೇ ಬಂದರೂ ಕಷ್ಟ. ಮತ್ತೆ ಯೂಟ್ಯೂಬ್ ನೋಡಿ ನೀವೇ ಬಿಚ್ಚಲು ಹೋಗಬೇಡಿ. ತೆಳು ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಕ್ರೂ ಪಕ್ಕದ್ದಕ್ಕಿಂತ ಒಂದು ಮಿಲಿಮೀಟರ್ ಜಾಸ್ತಿ ಉದ್ದ ಇರುತ್ತದೆ. ಅದಲು ಬದಲು ಹಾಕಿ ಬೋರ್ಡಿಗೆ ತೂತು ಮಾಡಿದವರನ್ನು ನಾನು ಬಲ್ಲೆ. ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.

ಆದರೂ ನೋಡಿಸಿ. ಒಂದು ಅಂಗಡಿಯಲ್ಲಿ ಆಗಲ್ಲ ಅಂದರೆ ಇನ್ನೊಂದರಲ್ಲಿ ನೋಡಿಸಿ. ಮೈಸೂರಲ್ಲಿ ಇದ್ದಾರೆ, ಹುಬ್ಬಳ್ಳಿಯಲ್ಲಿ ಇದ್ದಾರೆ. "ಚಿಪ್ ಲೆವೆಲ್ ಮಾಡುತ್ತೀರಾ?" ಅಂತ ಕೇಳಿ, ಅಂದರೆ ಬೋರ್ಡ್ ಬದಲಿಸದೆ ಅದರ ಮೇಲಿನ ಕೆಟ್ಟ ಭಾಗವನ್ನಷ್ಟೇ ಬದಲಿಸುವ ರಿಪೇರಿ. ಮಾಡುತ್ತೇವೆ ಅಂದರೆ "ಏನು ಹೋಗಿದೆ ಹೇಳಿ" ಅನ್ನಿ. ಉತ್ತರ ಮತ್ತೆ "ಬೋರ್ಡ್" ಅಂತ ಬಂದರೆ ಎದ್ದು ಬನ್ನಿ. ಟೈಮ್ ವೇಸ್ಟ್ ಅಂತೆ! 64 ಲೈಕ್ ಅಂತೆ! ರೀಲ್ಸ್ ನೋಡುವಾಗ ಎಲ್ಲಿತ್ತು ನಿಮ್ಮ ಟೈಮು?

ಇಲ್ಲಿ ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ, ನನ್ನ ಅಕ್ಷರ ನನಗೇ ಓದಲು ಬರುತ್ತಿಲ್ಲ. ಬಿಡಿ. ಮೆಂಬರ್ ಆದವರಿಗೆ "ಏನು ಹೋಗಿದೆ ಸ್ವಾಮಿ?" ಸ್ಟಿಕರ್ ಕಳಿಸುತ್ತೇನೆ, ಲ್ಯಾಪ್‌ಟಾಪ್ ಮೇಲೆ ಅಂಟಿಸಿಕೊಂಡೇ ಸರ್ವಿಸ್ ಸೆಂಟರ್‌ಗೆ ಹೋಗಿ. ಆ ಕಾಮೆಂಟ್ ಬರೆದ ಅಣ್ಣಾ, ನಿನಗೆ ಸ್ಟಿಕರ್ ಫ್ರೀ, ವಿಳಾಸ ಮೆಸೇಜ್ ಮಾಡು. ಕೊರಿಯರ್ ಚಾರ್ಜ್ ನಿನ್ನದು.