ಒಂದೇ ಸ್ವರದ ಮೂರು ವಾರ

ಈ ವಿಡಿಯೋದಲ್ಲಿ ಈಗ ಕೇಳಿಸ್ತಿರೋದು ಮಿಕ್ಸಿ ಅಲ್ಲ. ನಾನೇ.

ಬೆಳಗ್ಗೆ ಆರೂವರೆ. ಬಚ್ಚಲುಮನೆ ಬಾಗಿಲು ಹಾಕ್ಕೊಂಡು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಒಂದೇ ಒಂದು ಸ್ವರ ಎಳೀತಿದ್ದೀನಿ. ಮೊದಲನೇ ದಿನ ಅಮ್ಮ ಬಾಗಿಲು ಬಡಿದು, "ಗೀಸರ್ ಕೆಟ್ಟೋಯ್ತೇನೇ?" ಅಂದ್ರು. ಮೂರು ವಾರ ಆಯ್ತಲ್ಲ, ಈಗ ಕೇಳೋದೂ ಇಲ್ಲ, ಬಡಿಯೋದೂ ಇಲ್ಲ.

ಈ ಹುಚ್ಚು ಹಿಡಿಸಿದವರು ಅಮೆರಿಕದ ಗಾಯಕಿ, ಸಂಗೀತ ಸಂಯೋಜಕಿ ಜೋನ್ ಲಾ ಬಾರ್ಬರಾ. ಹುಟ್ಟಿದ್ದು 1947ರಲ್ಲಿ, ಫಿಲಡೆಲ್ಫಿಯಾದಲ್ಲಿ. ಪಾಶ್ಚಾತ್ಯ ಶಾಸ್ತ್ರೀಯ ಗಾಯನವನ್ನ ಕ್ರಮವಾಗಿ ಕಲಿತವರು. ಒಪೆರಾ ಕಡೆ ಹೋಗಿದ್ರೆ ನಾನು ಅವರ ಹೆಸರೂ ಕೇಳ್ತಿರಲಿಲ್ಲ ಬಿಡಿ. ಎಪ್ಪತ್ತರ ದಶಕದ ನ್ಯೂಯಾರ್ಕಲ್ಲಿ ಅವರು ಹಿಡಿದ ದಾರಿನೇ ಬೇರೆ. ವಾದ್ಯ ನುಡಿಸೋರ ಹತ್ತಿರ ಹೋಗಿ ಒಂದು ಸ್ವರ ಉದ್ದಕ್ಕೆ ಹಿಡೀರಿ ಅನ್ನೋದು, ಜೊತೆಗೆ ತಾವೂ ಹಿಡಿಯೋದು. ಬರೀ ಶ್ರುತಿ ಸೇರಿಸೋದಲ್ಲ. ಆ ವಾದ್ಯದ ನಾದಕ್ಕೊಂದು ಬಣ್ಣ ಇರುತ್ತಲ್ಲ, ಅದನ್ನ ಗಂಟಲಿಗೆ ತರೋದು.

ಮೃದಂಗದ ಜತಿಗಳನ್ನ ಬಾಯಲ್ಲೇ ಹೇಳೋ ಕೊನ್ನಕ್ಕೋಲು ಕೇಳಿ ಬೆಳೆದ ನಮಗೆ ಇದೇನು ಮಹಾ ಅನ್ನಿಸುತ್ತೆ. ನನಗೂ ಅನ್ನಿಸ್ತು. ಅಮೆರಿಕದ ಸಂಯೋಜಕ ಸ್ಟೀವ್ ರೈಶ್ ಅವರ 1971ರ 'ಡ್ರಮ್ಮಿಂಗ್' ಅನ್ನೋ ಕೃತಿಯಲ್ಲಿ ಹೆಂಗಸರ ದನಿ, ಮರದ ಪಟ್ಟಿಗಳನ್ನ ಬಡಿದು ನುಡಿಸೋ ಮರಿಂಬಾದ ಸದ್ದಿನೊಳಗೆ ಕರಗಿ ಹೋಗುತ್ತೆ. 1974ರ ಧ್ವನಿಮುದ್ರಿಕೆಯಲ್ಲಿ ಲಾ ಬಾರ್ಬರಾ ಹಾಡಿದ್ದಾರೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಯಾವುದು ಮರ, ಯಾವುದು ಬಾಯಿ ಅಂತ ಎಷ್ಟೋ ಕಡೆ ಗೊತ್ತೇ ಆಗಲಿಲ್ಲ. ನಮ್ಮವರು ತಕಧಿಮಿ ಅಂದಾಗ ಅದು ಬಾಯಿ ಅಂತ ಸಂಶಯವೇ ಇರಲ್ಲ. ಇಲ್ಲಿ ಬಾಯಿ ತನ್ನ ಗುರುತನ್ನೇ ಬಿಟ್ಟುಕೊಟ್ಟಿದೆ.

ನಾನು ಬಚ್ಚಲುಮನೆ ಸೇರಿದ್ದು ಲಾ ಬಾರ್ಬರಾ ಅವರದ್ದೇ 1974ರ ಒಂದು ಕೃತಿಯಿಂದ. ಹೆಸರು ಪಿಎಚ್‌ಡಿ ಪ್ರಬಂಧದ ಥರ ಇದೆ: 'ವಾಯ್ಸ್ ಪೀಸ್: ಒನ್ ನೋಟ್ ಇಂಟರ್ನಲ್ ರೆಸೊನೆನ್ಸ್ ಇನ್ವೆಸ್ಟಿಗೇಶನ್'. ಮಾಡೋದು ಇಷ್ಟೇ. ಒಂದು ಸ್ವರ ಹಿಡಿದು, ಅದನ್ನ ಕದಲಿಸದೆ, ತಲೆಯೊಳಗೆ ಅದು ಮೊಳಗೋ ಜಾಗವನ್ನ ಮಾತ್ರ ಬದಲಾಯಿಸ್ತಾ ಹೋಗೋದು. ಮೂಗಿನ ಹಿಂದೆ, ಅಂಗುಳಲ್ಲಿ, ಗಂಟಲ ತಳದಲ್ಲಿ.

ಫೋನ್ ಸ್ಕ್ರೀನ್ ನೋಡಿ. ದನಿಯೊಳಗಿನ ಸ್ವರಗಳನ್ನ ಗೆರೆಗಳಾಗಿ ತೋರಿಸೋ, ಪುಕ್ಕಟೆ ಸಿಗೋ ಸ್ಪೆಕ್ಟ್ರಮ್ ಆಪ್ ಇದು. ನನ್ನ ಶ್ರುತಿ ಐದು ಮನೆ, ಅಂದ್ರೆ ಹೆಚ್ಚೂಕಡಿಮೆ 196 ಹರ್ಟ್ಸ್, ಸೆಕೆಂಡಿಗೆ ಅಷ್ಟು ಕಂಪನ. ಹಾಡ್ತಿರೋದು ಅದೊಂದೇ. ಗೆರೆಗಳು ಮಾತ್ರ 196, 392, 588, 784, 980, ಹೀಗೆ ಏಣಿ ಮೆಟ್ಟಿಲ ಥರ ಹತ್ತಿ ಹೋಗಿವೆ. ಗಂಟಲಿಂದ ಹೊರಡೋ ಸ್ವರ ಒಂಟಿಯಾಗಿ ಬರಲ್ಲ, ಎರಡು ಪಟ್ಟು, ಮೂರು ಪಟ್ಟು ಎಲ್ಲ ಬಳಗ ಕಟ್ಕೊಂಡೇ ಬರುತ್ತೆ. ಈಗ 'ಊ' ಅಂತ ಹಿಡಿದು, ನಾಲಿಗೆಯನ್ನ ನಿಧಾನಕ್ಕೆ ಮುಂದೆ ತರ್ತಾ 'ಈ' ಕಡೆ ಹೋಗ್ತೀನಿ. ಬಾಯೊಳಗಿನ ಜಾಗದ ಆಕಾರ ಬದಲಾದ ಹಾಗೆ ಒಂದೊಂದೇ ಮೆಟ್ಟಿಲು ಹೊಳೆಯುತ್ತೆ. ಅಲ್ಲಿ, 980ರ ಗೆರೆ ದಪ್ಪಗಾಯ್ತಲ್ಲ? ಐದನೇ ಪಟ್ಟು ಅದು. ಸರಿಗಮದ ಗ, ಅಂದ್ರೆ ಗಾಂಧಾರ. ನಾನು ಹಾಡ್ತಿರೋದು ಬರೀ ಸ.

ತಂಬೂರಿ ಮುಂದೆ ಕೂತವರಿಗೆ ಇದು ಹಳೇ ನೆಂಟ. ಮೀಟೋದು ಪ ಸ ಸ ಸ ಅಷ್ಟೇ ಆದ್ರೂ, ಕುದುರೆ ಮೇಲಿನ ಜೀವಾಳಿ ದಾರ ಒಂಚೂರು ಸರಿಸಿದಾಗ ಯಾರೂ ಮೀಟದ ಗಾಂಧಾರ ಎದ್ದು ಬರುತ್ತಲ್ಲ, ಸ್ವಯಂಭೂ ಗಾಂಧಾರ ಅಂತೀವಲ್ಲ, ಅದೇ ಇದು. ಏಳು ವರ್ಷ ಸಂಗೀತದ ಕ್ಲಾಸಿಗೆ ಹೋದೆ. ತಂಬೂರಿಯಲ್ಲಿ ಅದನ್ನ ಕೇಳಿಸ್ಕೋ ಅಂದ್ರು. ನಿನ್ನ ಬಾಯಲ್ಲೂ ಇದೆ ಅಂತ ಯಾರೂ ಹೇಳಲಿಲ್ಲ.

ಅದು ಪರವಾಗಿಲ್ಲ. ಮಂದ್ರದಲ್ಲಿ ಹಿಡಿದಾಗ ನನ್ನ ದನಿ ಒಮ್ಮೊಮ್ಮೆ ಸೀಳಿ ಎರಡಾಗ್ತಿತ್ತು, ಕೆಳಗೊಂದು ಗೊರಗೊರ, ಮೇಲೊಂದು ಸ್ವರ. "ಕಂಠ ಒಡೀತಿದೆ, ನಿಲ್ಸು" ಅಂತ ಗುರುಗಳು ಇಡೀ ಕ್ಲಾಸಿನ ಮುಂದೆ ಅಂದಿದ್ರು. ನಿಲ್ಲಿಸಿದೆ. ಆಮೇಲೆ ಹಾಡೋದನ್ನೇ ನಿಲ್ಲಿಸಿದೆ. ಲಾ ಬಾರ್ಬರಾ ಅವರ ಮುದ್ರಿಕೆಯಲ್ಲಿ ಅಂಥದ್ದೇ ಸೀಳು ದನಿ ಬಂದಾಗ ಪಾತ್ರೆ ತೊಳೀತಿದ್ದೆ, ಕೈ ಹಾಗೇ ನಿಂತುಬಿಡ್ತು. ಅವರು ಅದನ್ನ ಬೇಕಂತಲೇ ಕರೀತಾರೆ, ಹಿಡಿದಿಡ್ತಾರೆ, ಸಾಕಾದಾಗ ಬಿಡ್ತಾರೆ. ನನಗೆ ಮೂರು ವಾರದಲ್ಲಿ ಸಿಕ್ಕಿದ್ದು ಒಟ್ಟು ನಾಲ್ಕು ಸೆಕೆಂಡ್. ಕೇಳಿಸ್ತೀನಿ... ಹ್ಞೂಂ, ಅಷ್ಟೇ. ಮಾಡಿ ನೋಡೋರು, ಗಂಟಲು ಉರಿದ್ರೆ ಅಲ್ಲಿಗೇ ಬಿಡಿ. ದಮ್ಮು ತೋರಿಸೋ ಕೆಲಸ ಅಲ್ಲ ಇದು.

ಎರಡನೇ ವಾರದಿಂದ ಉಸಿರು ಒಳಗೆಳೀತಾ ಹಾಡೋದು ಶುರು ಮಾಡಿದೆ. ಇದು ಲಾ ಬಾರ್ಬರಾ ಅವರ 1975ರ 'ಸರ್ಕ್ಯುಲರ್ ಸಾಂಗ್' ಕೃತಿಯಿಂದ ಬಂದಿದ್ದು. ಶಹನಾಯಿಯವರು, ಹಾವಾಡಿಗರು ಕೆನ್ನೇಲಿ ಗಾಳಿ ಇಟ್ಕೊಂಡು ನಾದ ಕಡೀದ ಹಾಗೆ ಊದ್ತಾರಲ್ಲ, ಆ ವಿದ್ಯೆ ಗಂಟಲಿಗೆ ಒಗ್ಗಲ್ಲ. ಹಾಡೋರು ಉಸಿರು ತಗೊಳ್ಳಲೇಬೇಕು. ಹಾಗಾದ್ರೆ ತಗೊಳ್ಳೋವಾಗಲೂ ಹಾಡಿದ್ರಾಯ್ತು! ಉಸಿರು ಹೊರಗೆ ಹೋಗ್ತಾ ಒಂದು ದನಿ, ಒಳಗೆ ಬರ್ತಾ ಇನ್ನೊಂದು, ಗಾಣದ ಎತ್ತಿನ ಥರ ಸುತ್ತಿ ಸುತ್ತಿ. ನನ್ನ ಬಾಯಲ್ಲಿ ಅದು ಎಣ್ಣೆ ಕಾಣದ ಗೇಟಿನ ಸದ್ದಾಯ್ತು. ಏಳನೇ ಸುತ್ತಿಗೆ ತಲೆ ಗಿರ್ ಅಂತು, ಬಕೆಟ್ ಸಮೇತ ವಾಲಿಬಿದ್ದೆ. ಆ ಕ್ಲಿಪ್ ತೆಗೆದುಬಿಡೋಣ ಅಂತಿದ್ದೆ, ಎಡಿಟ್ ಮಾಡಿಕೊಡೋ ತಮ್ಮ ಬಿಡಲಿಲ್ಲ. ನಗಿ, ಪರವಾಗಿಲ್ಲ.

ಇದೆಲ್ಲ ದೊಡ್ಡ ತಲೆಗಳಿಗೆ ಅಂದ್ಕೋಬೇಡಿ. 1977ರಲ್ಲಿ 'ಸೆಸಮಿ ಸ್ಟ್ರೀಟ್' ಅನ್ನೋ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಸನ್ನೆ ಭಾಷೆಯ ಅಕ್ಷರಮಾಲೆ ಕಲಿಸೋ ಒಂದು ಅನಿಮೇಶನ್ ಬಂತು. ಅದಕ್ಕೆ ದನಿ ಕೊಟ್ಟವರು ಲಾ ಬಾರ್ಬರಾ ಅವರೇ. ಇನ್ನು ಅಮೆರಿಕದ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್ 1982ರಲ್ಲಿ ಇವರಿಗಾಗಿ ಬರೆದ 'ತ್ರೀ ವಾಯ್ಸಸ್' ಇದೆ. ಎದುರಿಗೆ ಹಾಡೋದು ಒಬ್ಬರು, ಅಕ್ಕಪಕ್ಕದ ಎರಡು ಸ್ಪೀಕರಲ್ಲೂ ಅವರದ್ದೇ ದನಿ. ಆ ಸ್ಪೀಕರುಗಳು ಫೆಲ್ಡ್‌ಮನ್ ಕಣ್ಣಿಗೆ ಗೋರಿಕಲ್ಲಿನ ಹಾಗೆ ಕಂಡಿದ್ವಂತೆ, ಅದು ತೀರಿಹೋದ ಇಬ್ಬರು ಗೆಳೆಯರ ನೆನಪಿನ ಕೃತಿ. ಬಚ್ಚಲುಮನೇಲಿ ಅದನ್ನ ಮುಟ್ಟೋ ಧೈರ್ಯ ನನಗಿನ್ನೂ ಬಂದಿಲ್ಲ.

ಕಳೆದ ಭಾನುವಾರ ತಿಪಟೂರಿಗೆ ಹೋಗಿದ್ದೆ, ಅಜ್ಜಿ ಮನೆಗೆ. ಬೆಳಗ್ಗೆ ದೇವರ ಮುಂದೆ ವಿಷ್ಣು ಸಹಸ್ರನಾಮ ಹೇಳ್ತಿದ್ರು. ಹುಟ್ಟಿದಾಗಿಂದ ಕೇಳಿರೋದೇ. ಅರ್ಧ ಶ್ಲೋಕ ಮಾಮೂಲಿ ದನಿ. ಉಸಿರು ಮುಗಿಯುತ್ತೆ, ಅಜ್ಜಿ ನಿಲ್ಲಿಸಲ್ಲ. ಮುಂದಿನ ಎರಡು ಹೆಸರನ್ನ ಉಸಿರು ಒಳಗೆಳೀತಾನೇ ಹೇಳಿಬಿಡ್ತಾರೆ, ಪಿಸುಗುಟ್ಟಿದ ಹಾಗೆ, ಸ್ವಲ್ಪ ಕೀರಲಾಗಿ. ಮತ್ತೆ ಹೊರಗೆ. ಮತ್ತೆ ಒಳಗೆ. ಹೂವು ಏರಿಸೋ ಕೈಯೂ ನಿಲ್ಲಲ್ಲ. ಅವರು ಬೀಳಲೂ ಇಲ್ಲ.

ಮೆಲ್ಲಗೆ ಫೋನ್ ಚಾಚಿದೆ. ಕಣ್ಣಿಗೆ ಬಿದ್ದುಬಿಡ್ತು. "ಅದೇನೇ ಬಾಯಿ ಹತ್ರ ಹಿಡೀತೀಯ? ಹೋಗು, ಒಲೆ ಮೇಲೆ ಹಾಲಿದೆ."

ಹಾಲು ಆಗಲೇ ಉಕ್ಕಿತ್ತು. ಫೋನಲ್ಲಿ ಉಳಿದಿದ್ದು ಹನ್ನೊಂದು ಸೆಕೆಂಡ್. ಸೌಂಡ್ ಜಾಸ್ತಿ ಮಾಡ್ಕೊಳ್ಳಿ. ಇದು ಹೊರಗೆ... ಈಗ, ಒಳಗೆ.