ನೋವುಸ್, ನೋವಾ, ನೋವುಮ್

ಕೇಳುಗರಿಗೆ ನಮಸ್ಕಾರ. ಹೊಸ ಹುಡುಗ, ಹೊಸ ಹುಡುಗಿ, ಹೊಸ ಮನೆ ಎಂದು ಯಾವುದರ ಹಿಂದೆ ಇಟ್ಟರೂ ನಮ್ಮ ‘ಹೊಸ’ ಎಂಬ ಗುಣವಾಚಕ ರೂಪ ಬದಲಿಸುವುದಿಲ್ಲ. ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ಹಾಗಲ್ಲ. ಅದೇ ಅರ್ಥದ ಪದ ಅಲ್ಲಿ ಪುಲ್ಲಿಂಗಕ್ಕೆ ನೋವುಸ್, ಸ್ತ್ರೀಲಿಂಗಕ್ಕೆ ನೋವಾ, ನಪುಂಸಕಲಿಂಗಕ್ಕೆ ನೋವುಮ್ ಆಗುತ್ತದೆ. ಸಂಸ್ಕೃತದ ನವಃ, ನವಾ, ನವಮ್ ನಿಮಗೆ ಈಗಾಗಲೇ ನೆನಪಾಗಿರಬಹುದು. ಲ್ಯಾಟಿನ್ ಪದ ಸಂಸ್ಕೃತದಿಂದ ಹುಟ್ಟಿತೆಂದು ವಾದಿಸುವವರಿಗೆ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ: ಇವು ತಾಯಿ ಮಗಳಲ್ಲ, ಒಡಹುಟ್ಟಿದವು. ಆ ವಾದ ಇಂದು ಬೇಡ. ದಯವಿಟ್ಟು ಪದದ ಬಾಲವನ್ನು ನೋಡಿ.

1572ರ ನವೆಂಬರ್ 11ರ ಸಂಜೆ, ಡೆನ್ಮಾರ್ಕಿನ ಟೈಕೋ ಬ್ರಾಹೆ ಎಂಬ 25 ವರ್ಷದ ತರುಣ ತನ್ನ ರಸವಿದ್ಯೆಯ ಪ್ರಯೋಗಶಾಲೆಯಿಂದ ಊಟಕ್ಕೆ ಮರಳುತ್ತಿದ್ದಾಗ, ಕ್ಯಾಸಿಯೋಪಿಯ ನಕ್ಷತ್ರಪುಂಜದಲ್ಲಿ ಎಂದೂ ಕಾಣದಿದ್ದ ನಕ್ಷತ್ರವೊಂದು ಉಜ್ವಲವಾಗಿ ಬೆಳಗುತ್ತಿರುವುದನ್ನು ಕಂಡನು. ತನ್ನ ಕಣ್ಣನ್ನೇ ನಂಬಲಾಗದೆ ಜೊತೆಗಿದ್ದ ಸೇವಕರನ್ನು ಕೇಳಿದನು. ಅಷ್ಟಕ್ಕೂ ಸಮಾಧಾನವಾಗದೆ ದಾರಿಯಲ್ಲಿ ಸಿಕ್ಕ ರೈತರನ್ನೂ ತಡೆದು ಕೇಳಿದನು. ಎಲ್ಲರಿಗೂ ಅದು ಕಂಡಿತ್ತು. ಅದು ಚಂದ್ರನಿಗಿಂತ ಬಹುದೂರದಲ್ಲಿದೆ ಎಂದು ಅಳತೆಗಳಿಂದ ತೋರಿಸಿ, 1573ರಲ್ಲಿ ಆ ‘ನೋವಾ ಸ್ಟೆಲ್ಲಾ’ದ ಬಗ್ಗೆ, ಅಂದರೆ ಹೊಸ ನಕ್ಷತ್ರದ ಬಗ್ಗೆ, ಪುಸ್ತಕವನ್ನೇ ಪ್ರಕಟಿಸಿದನು. ಲ್ಯಾಟಿನ್ನಿನಲ್ಲಿ ಸ್ಟೆಲ್ಲಾ ಸ್ತ್ರೀಲಿಂಗ, ಆದ್ದರಿಂದಲೇ ನೋವಾ. ಮುಂದೆ ಸ್ಟೆಲ್ಲಾ ಉದುರಿಹೋಗಿ ಗುಣವಾಚಕವೊಂದೇ ಉಳಿಯಿತು. ಇಂದು ನಮ್ಮ ಮಕ್ಕಳು ಸಿಡಿಯುವ ನಕ್ಷತ್ರವನ್ನು ಸೂಪರ್‌ನೋವಾ ಎನ್ನುವಾಗ ಆ ಮರೆಯಾದ ನಾಮಪದದ ಲಿಂಗ ಅವರ ನಾಲಿಗೆಯ ಮೇಲಿರುತ್ತದೆ. ಬಾಲವನ್ನು ನೋಡಿ ಎಂದದ್ದು ಇದಕ್ಕಾಗಿ!

ಸಮಯ ಕಡಿಮೆಯಿದೆ. ಲ್ಯಾಟಿನ್ನಿನ ಮಗಳಾದ ಪೋರ್ಚುಗೀಸ್ ಭಾಷೆ ನಪುಂಸಕಲಿಂಗವನ್ನು ಕೈಬಿಟ್ಟು ನೋವೊ, ನೋವಾ ಎಂಬೆರಡನ್ನು ಉಳಿಸಿಕೊಂಡಿತು. 1843ರಲ್ಲಿ ಪಣಜಿಗೆ ನೋವಾ ಗೋವಾ ಎಂಬ ಹೆಸರು ಬಂತು; ಆದರೆ 1781ರಲ್ಲಿ ಹೈದರಾಲಿ ಇಂಗ್ಲಿಷರೆದುರು ಸೋತ ತಮಿಳುನಾಡಿನ ಪರಂಗಿಪೇಟೆಯನ್ನು ಪೋರ್ಚುಗೀಸರು ಕರೆದದ್ದು ಪೋರ್ಟೊ ನೋವೊ, ಹೊಸ ಬಂದರು ಎಂದು. ಬಂದರು ಅವರಿಗೆ ಪುಲ್ಲಿಂಗ.

ಇಟಾಲಿಯನ್ನಿನ ನುವೋವೊ, ಸ್ಪ್ಯಾನಿಷ್‌ನ ನುಯೆವೊ ಇದೇ ಮನೆತನದವು. ಫ್ರೆಂಚ್‌ನದು ಸ್ವಾರಸ್ಯಕರ. ನಮ್ಮ ‘ನವ’ ನವರಾತ್ರಿಯಲ್ಲಿ ಒಂಬತ್ತು, ನವೋದಯದಲ್ಲಿ ಹೊಸತು. ಫ್ರೆಂಚ್‌ನ ‘ನಫ್’ ಕೂಡ ಹಾಗೆಯೇ ಒಂಬತ್ತೂ ಹೌದು, ಹೊಸದೂ ಹೌದು. ಆದರೆ ಸ್ತ್ರೀಲಿಂಗದಲ್ಲಿ ಅದು ‘ನವ್’ ಆದೊಡನೆ ಒಂಬತ್ತು ಮರೆಯಾಗಿ ಹೊಸತು ಮಾತ್ರ ಉಳಿಯುತ್ತದೆ.