ಹೂವಿಗಲ್ಲ, ಜೇನುತುಪ್ಪಕ್ಕೆ

ಕೇಳುಗರಿಗೆಲ್ಲ ನಮಸ್ಕಾರ. 2007ರಲ್ಲಿ ದಕ್ಷಿಣ ಕೊರಿಯಾದ ಪಶ್ಚಿಮ ಕರಾವಳಿಯ ಥೆಆನ್ ಅನ್ನೋ ಕಡೆ ಒಬ್ಬ ಮೀನುಗಾರರು ಆಕ್ಟೋಪಸ್ ಹಿಡೀತಾ ಇದ್ರು. ಅಲ್ಲಿ ಜುಕ್ಕುಮಿ ಅಂತ ಒಂದು ಸಣ್ಣ ಜಾತಿ ಆಕ್ಟೋಪಸ್ ಇದೆ, ಅದು ಚಿಪ್ಪಿನೊಳಗೆ ಸೇರ್ಕೊಂಡು ಬಾಗಿಲಿಗೆ ಏನಾದ್ರೂ ಅಡ್ಡ ಎಳ್ಕೊಳ್ಳತ್ತೆ. ಅವತ್ತು ಮೇಲೆ ಬಂದ ಜುಕ್ಕುಮಿ ಎಳ್ಕೊಂಡಿದ್ದು ಕಲ್ಲಲ್ಲ, ಹಸಿರು ಪಿಂಗಾಣಿ ತಟ್ಟೆ. ಆಮೇಲೆ ಮುಳುಗುಗಾರರು ಇಳಿದು ನೋಡಿದ್ರೆ ಕೆಸರಲ್ಲಿ ಒಂದು ಇಡೀ ಹಡಗು, ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಪಾತ್ರೆಗಳು! 12ನೇ ಶತಮಾನದ್ದು, ದಕ್ಷಿಣದ ಗಾಂಗ್ಜಿನ್ ಭಟ್ಟಿಗಳಲ್ಲಿ ಸುಟ್ಟು ರಾಜಧಾನಿಗೆ, ಅಂದ್ರೆ ಇವತ್ತಿನ ಕೆಸೊಂಗ್‌ಗೆ ಸಾಗಿಸ್ತಿದ್ದ ಸರಕು.

ಈ ಹಸಿರು ಪಿಂಗಾಣಿಗೆ ಕೊರಿಯನ್ನರು ಚೊಂಗ್ಜಾ ಅಂತಾರೆ. 918ರಿಂದ 1392ರವರೆಗೆ ಆಳಿದ ಗೊರ್ಯೊ ರಾಜ್ಯದ ಹೆಮ್ಮೆ ಅದು. 1123ರಲ್ಲಿ ಚೀನಾದ ಸಾಂಗ್ ದೊರೆಯ ಕಡೆಯಿಂದ ಬಂದ ಶೂ ಜಿಂಗ್ ಅನ್ನೋ ರಾಯಭಾರಿ ಕೂಡ ಈ ಬಣ್ಣವನ್ನ ಮೆಚ್ಚಿ ಬರೆದಿಟ್ಟಿದ್ದಾರೆ, ಪಿಂಗಾಣಿಯ ತವರಿಂದ ಬಂದವರು ಮೆಚ್ಚೋದು ಅಂದ್ರೆ ಸುಮ್ನೆ ಅಲ್ಲ.

ಆದ್ರೆ ನಾನು ಇವತ್ತು ಹೇಳ್ಬೇಕು ಅಂದ್ಕೊಂಡಿರೋದು ಅದೇ ಕಡಲಲ್ಲಿ ಕೆಲವೇ ವರ್ಷ ಆದ್ಮೇಲೆ, ಮಾದೊ ದ್ವೀಪದ ಹತ್ರ ಇನ್ನೊಂದು ಹಡಗಲ್ಲಿ ಸಿಕ್ಕಿದ ಎರಡು ಜಾಡಿ ಬಗ್ಗೆ. ಅಗಲವಾದ ಭುಜ, ಕೆಳಗೆ ಇಳೀತಾ ಇಳೀತಾ ತೆಳ್ಳಗಾಗೋ ಸೊಂಟ, ಮೇಲೆ ಪುಟಾಣಿ ಬಾಯಿ. ಇಂಥ ಜಾಡಿಗೆ ಮೇಬ್ಯೊಂಗ್ ಅಂತಾರೆ, ಅರ್ಥ ಪ್ಲಮ್ ಹೂವಿನ ಹೂದಾನಿ. ಒಂದು ಕೊಂಬೆ ಸಿಗಿಸಿಡೋಕೆ ಅಂತಾನೇ ಮಾಡಿದ್ದು ಅಂತ ತುಂಬಾ ಜನ ನಂಬಿದ್ರು. ಈ ಎರಡು ಜಾಡಿಗಳ ಜೊತೆ ಬಿದಿರಿನ ಚೀಟಿ ಇತ್ತು, ನೂರಾರು ವರ್ಷ ಕೆಸರಲ್ಲಿದ್ರೂ ಅಕ್ಷರ ಉಳಿದಿತ್ತು, ಓದಿದ್ರೆ ಒಂದರಲ್ಲಿ ಜೇನುತುಪ್ಪ, ಇನ್ನೊಂದರಲ್ಲಿ ಎಳ್ಳೆಣ್ಣೆ! ರಾಜಧಾನಿಯ ಓ ಮುನ್‌ಬು ಅನ್ನೋ ಸೇನಾಧಿಕಾರಿ ಮನೆಗೆ ಕಳಿಸಿದ್ದು. ಜಾಡಿಗೆ ಆ ಚೀಟಿಯಲ್ಲಿ ಬರೆದಿರೋ ಹೆಸರೂ ಮೇಬ್ಯೊಂಗ್ ಅಲ್ಲ, ಜುನ್. ಅಂದ್ರೆ ಸಾಮಾನು ತುಂಬೋ ಜಾಡಿ. ಇದನ್ನ ತಿಳ್ಕೊಂಡಾಗ ನಂಗೆ ಆದ ಖುಷಿ ಅಷ್ಟಿಷ್ಟಲ್ಲ, ಯಾಕಂದ್ರೆ ಆ ಪುಟ್ಟ ಬಾಯಿ ಯಾಕೆ ಅನ್ನೋದು ಆಗ ಅರ್ಥ ಆಯ್ತು, ಮುಚ್ಚಳ ಹಾಕಿ ಬಿಗಿಯೋಕೆ, ಎಣ್ಣೆ ಸುರಿಯೋಕೆ ಸಲೀಸು ಆಗ್ಲಿ ಅಂತ.

ಆ ಜಾಡಿಗಳಲ್ಲಿ ಒಂದರ ಮೈಮೇಲೆ ಸೇವಂತಿಗೆ, ವಿಲೋ ಮರ, ಜೊಂಡು ಎಲ್ಲ ಇದೆ. ಇದನ್ನ ಕುಂಚದಲ್ಲಿ ಬರೆದಿದ್ದಲ್ಲ, ಸಂಗಮ್ ಅನ್ನೋ ಕೆಲಸ. ಮಣ್ಣು ಅರೆ ಒಣಗಿದಾಗ ಚಿತ್ರ ಕೆತ್ತೋದು, ಆ ಗೀರಿಗೆ ಬಿಳಿ ಮಣ್ಣು, ಕೆಂಪು ಮಣ್ಣು ತುಂಬೋದು, ಹೆಚ್ಚಾಗಿದ್ದನ್ನ ಕೆರೆದು ತೆಗೆದು ಒಂದ್ಸಲ ಸುಡೋದು, ಆಮೇಲೆ ಸ್ವಲ್ಪ ಕಬ್ಬಿಣ ಇರೋ ಗಾಜಿನ ಲೇಪ ಕೊಟ್ಟು ಗಾಳಿ ಕಮ್ಮಿ ಮಾಡಿ ಮತ್ತೆ ಸುಡೋದು. ಬಿಳಿ ಬಿಳಿಯಾಗೇ ಉಳಿಯತ್ತೆ, ಕೆಂಪು ಮಣ್ಣು ಕಪ್ಪಾಗತ್ತೆ, ಲೇಪ ಹಸಿರಾಗತ್ತೆ. ಗಾಳಿ ಹೆಚ್ಚಾದ್ರೆ ಹಸಿರು ಹೋಗಿ ಹಳದಿ ಕಂದು ತಿರುಗಿಬಿಡತ್ತೆ. ಇಷ್ಟೆಲ್ಲ ಜೇನುತುಪ್ಪ ಇಡೋ ಜಾಡಿಗೆ!

ಹೀಗೆ ಮಾಡಿದ್ದರಲ್ಲೇ ಒಂದು, ಮೋಡದ ನಡುವೆ ಕೊಕ್ಕರೆಗಳು ಹಾರೋ 42 ಸೆಂಟಿಮೀಟರ್ ಎತ್ತರದ ಜಾಡಿ, ಜಪಾನಿನ ಆಳ್ವಿಕೆ ಇದ್ದ ಕಾಲದಲ್ಲಿ ಮಾರಾಟಕ್ಕೆ ಬಂದಿತ್ತು. 1935ರಲ್ಲಿ ಜೊನ್ ಹ್ಯೊಂಗ್‌ಪಿಲ್ ಅನ್ನೋ ಸಿರಿವಂತ ಕೊರಿಯನ್ 20 ಸಾವಿರ ವೊನ್ ಕೊಟ್ಟು ಕೊಂಡ್ಕೊಂಡ್ರು, ದೇಶದ ವಸ್ತು ದೇಶದಲ್ಲೇ ಇರ್ಲಿ ಅಂತ. ಈಗಲೂ ಅವರ ಕಾನ್ಸೊಂಗ್ ಸಂಗ್ರಹದಲ್ಲೇ ಇದೆ.

ಗೊರ್ಯೊ ಹೋಗಿ ಜೊಸೊನ್ ರಾಜರು ಬಂದ್ಮೇಲೆ ಹಸಿರು ಹಿಂದೆ ಸರೀತು, ಬಿಳಿ ಪಿಂಗಾಣಿ ಮುಂದೆ ಬಂತು, ಆದ್ರೆ ಜುನ್ ಅನ್ನೋ ಮಾತು ಹೋಗ್ಲಿಲ್ಲ. ಅರಮನೆಯ ಔತಣಗಳಲ್ಲಿ ನೀಲಿ ಡ್ರ್ಯಾಗನ್ ಬರೆದ ದೊಡ್ಡ ಜಾಡಿ ಇಡ್ತಿದ್ರು, ಯೊಂಗ್‌ಜುನ್ ಅಂತ, ಒಂದ್ರಲ್ಲಿ ಮದ್ಯ, ಒಂದ್ರಲ್ಲಿ ಹೂವು. ನೋಡಿ, ಹೂವಿನ ಜಾಡಿ ಇಲ್ಲಿತ್ತು! ಆ ನೀಲಿಗೆ ಬೇಕಾದ ಕೋಬಾಲ್ಟ್ ಚೀನಾದಿಂದ ಬರ್ಬೇಕು. 1592ರಲ್ಲಿ ಜಪಾನಿನ ದಾಳಿ ಶುರುವಾಗಿ ದೇಶ ಬಡವಾದ್ಮೇಲೆ ಅದು ಸಿಗೋದೇ ಕಷ್ಟ ಆಗಿ 17ನೇ ಶತಮಾನದಲ್ಲಿ ಕಬ್ಬಿಣದ ಬಣ್ಣದಲ್ಲಿ ಕಂದು ಡ್ರ್ಯಾಗನ್ ಬರೆದ್ರು. ನಂಗಂತೂ ಆ ಕಂದು ಡ್ರ್ಯಾಗನ್‌ಗಳೇ ಹೆಚ್ಚು ಇಷ್ಟ, ಗೆರೆ ಓಡಿಸಿರೋ ರೀತಿಯಲ್ಲಿ ಒಂದು ಸಲಿಗೆ ಇದೆ.

ಕೊನೆಗೆ ಥೆಹಾಂಗಾರಿ. ರಾಜನ ಮನೆಯಲ್ಲಿ ಮಗು ಹುಟ್ಟಿದ್ರೆ ಹೊಕ್ಕುಳಬಳ್ಳಿ ಜೊತೆ ಬರೋ ಮಾಸನ್ನ ಎಸೀತಿರ್ಲಿಲ್ಲ, ನೀರಲ್ಲಿ ಮತ್ತೆ ಮತ್ತೆ ತೊಳೆದು ಪುಟ್ಟ ಜಾಡಿಯಲ್ಲಿಟ್ಟು, ಆ ಜಾಡಿನ ಇನ್ನೊಂದು ದೊಡ್ಡ ಜಾಡಿಯೊಳಗಿಟ್ಟು, ಒಳ್ಳೆ ಗುಡ್ಡ ಹುಡುಕಿ ಹೂಳ್ತಿದ್ರು. 15ನೇ ಶತಮಾನದ ಅಂಥ ಜೋಡಿ ಒಂದಿದೆ, ಬೂದು ಮೈಮೇಲೆ ಬಿಳಿ ಚುಕ್ಕಿ ಸಾಲುಗಳನ್ನ ಅಚ್ಚೊತ್ತಿ ತುಂಬಿದ್ದಾರೆ, ಒಳಗಿನ ಜಾಡಿ ಮೇಲೂ ಅಷ್ಟೇ ಒತ್ತಾಗಿ. ಮುಚ್ಚಳಕ್ಕೆ ದಾರ ಕಟ್ಟೋ ತೂತು, ಜಾಡಿ ಭುಜಕ್ಕೆ ಪುಟ್ಟ ಕಿವಿಗಳು, ಎರಡನ್ನೂ ಸೇರಿಸಿ ಕಟ್ಟಿ ಮಣ್ಣು ಮುಚ್ಚಿದ್ರು. ಒಳಗಿನ ಜಾಡಿಯ ಚುಕ್ಕಿಗಳನ್ನ ಮತ್ತೆ ಯಾರೂ ನೋಡ್ಬೇಕಾಗಿರ್ಲಿಲ್ಲ, ಆದ್ರೂ ಒಂದು ಸಾಲೂ ಬಿಟ್ಟಿಲ್ಲ. ನಮಸ್ಕಾರ.